ಅಚ್ಚಿನೊಳಗೆ ಊದಿದ ಗಾಜು, ಅದರ ಮೇಲಿನ ಹೆಸರುಗಳು

'ಎನ್ನಿಯಾನ್ ಮಾಡಿದ್ದು.' ಕ್ರಿ.ಶ. 1ನೇ ಶತಮಾನದ ಕೆಲವು ಗಾಜಿನ ಬಟ್ಟಲು, ಹೂಜಿಗಳ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಹೀಗಿದೆ. ಎನ್ನಿಯಾನ್ ಒಬ್ಬ ಗಾಜುಗಾರ. ತಳದಲ್ಲೆಲ್ಲೋ ಅಡಗಿಸಿಲ್ಲ, ಚೌಕಟ್ಟು ಹಾಕಿ ಎದುರಿಗೇ ಇಟ್ಟಿದ್ದಾನೆ. ಕೆಲವು ಬಟ್ಟಲುಗಳ ಇನ್ನೊಂದು ಬದಿಯಲ್ಲಿ 'ಕೊಂಡವರ ನೆನಪು ಉಳಿಯಲಿ' ಎಂಬ ಹಾರೈಕೆ. ವ್ಯಾಪಾರ ಗೊತ್ತಿದ್ದ ಮನುಷ್ಯ, ಅಲ್ವಾ?

ಇದಕ್ಕಿಂತ ನೂರು ವರ್ಷ ಹಿಂದೆ ಗಾಜಿನ ಕೆಲಸ ನಿಧಾನ, ಬೆಲೆ ಜಾಸ್ತಿ. ಕ್ರಿ.ಪೂ. 1ನೇ ಶತಮಾನದ ನಡುವಿನಲ್ಲಿ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದ ಸೀಮೆಯಲ್ಲಿ ಗಾಜನ್ನು ಊದಲು ಕಲಿತರು. ಆ ಕಾಲದ ಊದಿದ ನಳಿಕೆಗಳ ಚೂರುಗಳು ಜೆರುಸಲೇಮಿನ ಕಸದ ರಾಶಿಯೊಂದರಲ್ಲಿ ಸಿಕ್ಕಿವೆ. ಮುಂದೆ ಬೆಲೆ ಎಷ್ಟು ಇಳಿಯಿತೆಂದರೆ, ರೋಮಿನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಲೋಟ ಸಿಗುತ್ತದೆ ಎಂದು ಆ ಕಾಲದ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ.

ಅಚ್ಚು ಬಂದದ್ದು ಕ್ರಿ.ಶ. 1ನೇ ಶತಮಾನದ ಮೊದಲ ಭಾಗದಲ್ಲಿ. ಕೊಳವೆಯ ತುದಿಯ ಬಿಸಿ ಗಾಜನ್ನು ಎರಡು ಮೂರು ತುಂಡುಗಳ ಅಚ್ಚಿನೊಳಗೆ ಇಳಿಸಿ ಊದಬೇಕು. ಗಾಜು ಉಬ್ಬಿ ಒಳಗೋಡೆಗೆ ಒತ್ತಿಕೊಳ್ಳುತ್ತದೆ. ಬಳ್ಳಿ, ಎಲೆ, ಅಕ್ಷರ ಎಲ್ಲ ಒಂದೇ ಉಸಿರಿಗೆ ಮೂಡುತ್ತವೆ. ತುಂಡುಗಳು ಸೇರುವಲ್ಲಿ ಒಂದು ಗೆರೆ ಉಳಿಯುತ್ತದೆ. ನುರಿತವರು ಅದನ್ನು ಚಿತ್ತಾರದೊಳಗೇ ಮರೆಸುತ್ತಿದ್ದರು. ಅಚ್ಚು ಸವೆದಂತೆ ಅಕ್ಷರ ಮಂಕಾಗುತ್ತದೆ. ಎರಡು ಪಾತ್ರೆಗಳಲ್ಲಿ ಒಂದೇ ಕುಂದು ಕಂಡರೆ, ಎರಡೂ ಒಂದೇ ಅಚ್ಚಿನವು ಎಂದು ವಿದ್ವಾಂಸರು ಹಿಡಿಯುತ್ತಾರೆ.

ಎನ್ನಿಯಾನ್ ಇದ್ದದ್ದು ಎಲ್ಲಿ? ಇಂದಿನ ಲೆಬನಾನಿನ ಸೈಡನ್ ಇರಬೇಕು ಎಂಬುದು ಹಳೆಯ ಊಹೆ. ಆದರೆ ಅವನ ಬಟ್ಟಲುಗಳು ಉತ್ತರ ಇಟಲಿಯಲ್ಲಿ ಜಾಸ್ತಿ ಸಿಕ್ಕಿವೆ. ಅವನೇ ಅಲ್ಲಿಗೆ ಹೋದನೇ, ಅಚ್ಚುಗಳು ಹೋದವೇ, ಇಲ್ಲ ಸಿದ್ಧ ಪಾತ್ರೆಗಳೇ ಹಡಗು ಹತ್ತಿದವೇ? ನನಗೆ ಹಡಗಿನ ವಾದ ಸರಿಯೆನಿಸುತ್ತದೆ. ಪಕ್ಕದ ಬೀದಿಯ ಗಿರಾಕಿಗೆ ಗಾಜುಗಾರ ಗೊತ್ತೇ ಇರುತ್ತಾನೆ. ದೂರದ ಊರಿಗೆ ಮಾಲು ಕಳಿಸುವವನಿಗೇ ಹೆಸರು ಬೇಕು. ಹಾಗಂತ ಎಲ್ಲವೂ ಸಮುದ್ರ ದಾಟಲಿಲ್ಲ. ಜೆರುಸಲೇಮಿನ ಸಿರಿವಂತರ ಮನೆಯೊಂದರಲ್ಲಿ ಅವನ ಹೂಜಿ ಸಿಕ್ಕಿದೆ. ಕ್ರಿ.ಶ. 70ರಲ್ಲಿ ರೋಮನ್ನರು ನಗರಕ್ಕೆ ಇಟ್ಟ ಬೆಂಕಿಯಲ್ಲಿ ಅದು ಸೊಟ್ಟಗಾಗಿದೆ.

ಜೇಸನ್, ಮೆಗೆಸ್, ನೀಕೈಸ್ ಎಂಬವರೂ ಹೆಸರು ಹಾಕಿದರು. ಅರಿಸ್ಟಿಯಾಸ್ ಒಂದು ಹೆಜ್ಜೆ ಮುಂದೆ ಹೋಗಿ ತಾನು ಸೈಪ್ರಸ್‌ನವನು ಎಂದೂ ಸೇರಿಸಿದ.

ಪಶ್ಚಿಮದಲ್ಲಿ ಕಥೆಯೇ ಬೇರೆ. ಗಾಲ್ (ಇಂದಿನ ಫ್ರಾನ್ಸ್ ಸೀಮೆ), ಬ್ರಿಟನ್ ಕಡೆಯ ಲೋಟಗಳಲ್ಲಿ ಕಾಣುವುದು ಗ್ಲಾಡಿಯೇಟರುಗಳು, ರಥ ಓಡಿಸುವವರು. ಇಂಗ್ಲೆಂಡಿನ ಕೊಲ್ಚೆಸ್ಟರಿನ ಲೋಟವೊಂದು ಗೆದ್ದ ಕ್ರೆಸ್ಕೆಸ್‌ಗೆ ಜೈ ಎನ್ನುತ್ತದೆ, ಉಳಿದ ಮೂವರು ಸಾರಥಿಗಳಿಗೆ ಹೋಗಿಬನ್ನಿ ಎನ್ನುತ್ತದೆ. ಜನ ಕಾಸು ಕೊಟ್ಟದ್ದು ಸ್ಟಾರ್‌ಗಳ ಹೆಸರಿಗೆ.

ಶತಮಾನ ಮುಗಿಯುವ ಹೊತ್ತಿಗೆ ಎಲ್ಲೆಲ್ಲೂ ದಪ್ಪ ಚೌಕ ಸೀಸೆಗಳು. ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ಕೂರುತ್ತವೆ, ಸಾಗಿಸಲು ಸುಲಭ. ಗುರುತು ಈಗ ತಳಕ್ಕೆ ಇಳಿದಿದೆ: ಒಂದಷ್ಟು ವೃತ್ತ, ಕೆಲವೊಮ್ಮೆ ಅಕ್ಷರ.

ಅಚ್ಚಿನ ಕೆಲಸ ಮಾತ್ರ ನಿಲ್ಲಲಿಲ್ಲ. 6, 7ನೇ ಶತಮಾನದಲ್ಲಿ ಜೆರುಸಲೇಮಿನ ಯಾತ್ರಿಕರಿಗಾಗಿ ಆರು ಮುಖದ ಪುಟ್ಟ ಹೂಜಿಗಳು ಬಂದವು. ಕೆಲವಕ್ಕೆ ಶಿಲುಬೆ, ಕೆಲವಕ್ಕೆ ಯಹೂದಿಗಳ ಏಳು ಕವಲಿನ ದೀಪ. ಆಕಾರ, ಕೆಲಸ ಎಷ್ಟು ಹೋಲುತ್ತವೆಂದರೆ ಎರಡೂ ಒಂದೇ ಕಾರ್ಖಾನೆಯಿಂದ ಬಂದಿರಬಹುದು.