ಗುಡ್ಡದಿಂದ ಇಳಿದು ಬರುವ ಥಂಡಿ

ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಉದ್ದ 300 ಕಿಲೋಮೀಟರಿಗಿಂತ ತುಸು ಹೆಚ್ಚು. ಅದರ ದಂಡೆಯುದ್ದಕ್ಕೂ ನಡೆದು ಮುಗಿಸಬೇಕೆಂಬ ಹಟ ನನಗೂ ನನ್ನ ಗೆಳೆಯನಿಗೂ ಹಿಡಿದು ನಾಲ್ಕು ವರ್ಷವಾಯಿತು. ಇಬ್ಬರೂ ನೌಕರಿಯಲ್ಲಿರುವವರಾದ್ದರಿಂದ ಸಾಲ ತೀರಿಸುವವರ ಹಾಗೆ ಕಂತು ಕಂತಾಗಿ, ಅದೂ ಚಳಿಗಾಲದಲ್ಲಿ ಮಾತ್ರ, ನಡೆಯುತ್ತಿದ್ದೇವೆ. ಮೊದಲ ಕಂತು ಖಾನಾಪುರದವರೆಗೆ, ಎರಡನೆಯದು ಎಂ.ಕೆ. ಹುಬ್ಬಳ್ಳಿ ದಾಟಿ ನವಿಲುತೀರ್ಥದವರೆಗೆ, ಮೂರನೆಯದು ಮುನವಳ್ಳಿಯ ಮೇಲೆ ಹಾದು ರಾಮದುರ್ಗದವರೆಗೆ. ಕಳೆದ ಡಿಸೆಂಬರಿನಲ್ಲಿ ಪಟ್ಟದಕಲ್ಲು ದಾಟಿ ಐಹೊಳೆ ಮುಟ್ಟಿದೆವು.

ಈ ನಾಲ್ಕೂ ಕಂತುಗಳಲ್ಲಿ ಒಂದೇ ಎಚ್ಚರಿಕೆಯನ್ನು ಊರೂರಿನಲ್ಲಿ ಕೇಳಿದ್ದೇವೆ. ಐಹೊಳೆಯ ಹತ್ತಿರ ತಮ್ಮ ಹೊಲದ ಗುಡಿಸಲಿನ ಮುಂದೆ ನಮಗೆ ಮಲಗಲು ಜಾಗ ಕೊಟ್ಟ ಹಿರಿಯರೂ ಅದನ್ನೇ ಹೇಳಿದರು: “ಹೊಳಿ ದಂಡ್ಯಾಗ ಥಂಡಿ ಭಾಳರೀ, ನೀರಿನ ಗಾಳಿ ಬಡೀತೈತಿ.” ಹೊಳೆಯ ಬದಿಯಲ್ಲಿ ಚಳಿ ಹೆಚ್ಚೆಂಬ ಮಾತು ನೂರಕ್ಕೆ ನೂರು ನಿಜ. ಅದಕ್ಕೆ ನೀರು ಕಾರಣವೆಂಬುದು ಮಾತ್ರ ನಿಜವಲ್ಲ, ಮತ್ತು ಈ ತಪ್ಪು ತಿಳಿವಳಿಕೆ ಓದಿದವರಲ್ಲಿಯೂ ಅಷ್ಟೇ ಗಟ್ಟಿಯಾಗಿದೆ ಎಂಬುದು ನನಗೆ ಸೋಜಿಗ.

ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ. ಡಿಸೆಂಬರ್ ತಿಂಗಳ ಬೆಳಗಿನ ಜಾವ ಹೊಳೆಗಿಳಿದು ಮೊಣಕೈವರೆಗೆ ಕೈ ಅದ್ದಿದರೆ ಸಾಕು, ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ. ನೀರಿನ ಮೇಲೆ ಅನ್ನದ ಪಾತ್ರೆಯ ಹಬೆಯಂತೆ ಮಂಜು ಏಳುವುದೂ ಅದೇ ಕಾರಣಕ್ಕೆ. ಒಂದು ಲೀಟರ್ ನೀರು ಒಂದು ಡಿಗ್ರಿ ತಣಿಯುವಾಗ ಬಿಟ್ಟುಕೊಡುವ ಶಾಖ ಮೂರು ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಲ್ಲದು. ಅಂದರೆ ಆ ರಾತ್ರಿ ನಮ್ಮ ಪಾಲಿಗೆ ಹೊಳೆ ಒಂದು ಮಂದವಾದ ಒಲೆಯಾಗಿತ್ತು. ಥಂಡಿ ಬಂದದ್ದು ಬೆನ್ನಿನ ಕಡೆಯಿಂದ, ಗುಡ್ಡದಿಂದ.

ಮೋಡವಿಲ್ಲದ, ಗಾಳಿ ಬೀಸದ ರಾತ್ರಿ ನೆಲವೂ ಬಂಡೆಯೂ ಜೋಳದ ಎಲೆಯೂ ತಮ್ಮ ಶಾಖವನ್ನು ಅವಕೆಂಪು ಕಿರಣಗಳ ರೂಪದಲ್ಲಿ ಆಕಾಶಕ್ಕೆ ಚೆಲ್ಲುತ್ತಲೇ ಇರುತ್ತವೆ. ಮೋಡವಿದ್ದರೆ ಅದೂ ಅಂಥದೇ ಕಿರಣಗಳನ್ನು ಕೆಳಗೆ ಕಳಿಸಿ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ನಮ್ಮ ಬಯಲುಸೀಮೆಯ ಒಣ ಚಳಿಗಾಲದ ಆಕಾಶ ಅಷ್ಟು ಉದಾರಿಯಲ್ಲ. ಡಿಸೆಂಬರಿನ ಕೊನೆಗೆ ಇಲ್ಲಿನ ರಾತ್ರಿ ಹದಿಮೂರು ಗಂಟೆಗೆ ಹತ್ತಿರವಿರುವುದರಿಂದ ಈ ಖರ್ಚು ದೊಡ್ಡದೇ ಆಗುತ್ತದೆ. ಹೀಗೆ ತಣಿದ ನೆಲವನ್ನು ಮುಟ್ಟಿದ ಗಾಳಿಯೂ ತಣಿಯುತ್ತದೆ, ತಣಿದದ್ದು ಭಾರವಾಗುತ್ತದೆ. ಒಂದು ಘನ ಮೀಟರ್ ಗಾಳಿ ಹದಿನೈದು ಡಿಗ್ರಿಯಿಂದ ಹತ್ತಕ್ಕೆ ಇಳಿದರೆ ಹೆಚ್ಚುವ ತೂಕ ಇಪ್ಪತ್ತು ಗ್ರಾಂನಷ್ಟು. ಚಿಟಿಕೆಯಷ್ಟು ಭಾರವೆನಿಸಬಹುದು, ಆದರೆ ಇಳಿಜಾರಿನಲ್ಲಿ ಜಾರಲು ಗಾಳಿಗೆ ಅಷ್ಟೇ ಸಾಕು.

ಈ ಜಾರುವಿಕೆಯನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕಾದರೆ ಕಬ್ಬಿನ ಹೊಲಕ್ಕೆ ರಾತ್ರಿ ನೀರು ಹಾಯಿಸುವುದನ್ನು ನೆನೆಯಬೇಕು. ನೀರು ಸದ್ದಿಲ್ಲದೆ ತಗ್ಗು ಹುಡುಕಿಕೊಂಡು ಹೋಗಿ, ಒಂದು ಮಡಿ ತುಂಬಿದ ಮೇಲೆ ಒಡ್ಡು ದಾಟಿ ಮುಂದಿನ ಮಡಿಗೆ ಇಳಿಯುತ್ತದೆ; ಥಂಡಿ ಗಾಳಿಯೂ ಒಡ್ಡಿಗೆ ತಡೆದು ನಿಲ್ಲುತ್ತದೆ, ತುಂಬಿ ಹೊರಚೆಲ್ಲುತ್ತದೆ. ವೇಗದ ವಿಷಯಕ್ಕೆ ಬಂದರೆ ಗಾಣದ ಕೊಪ್ಪರಿಗೆಯಿಂದ ಸುರಿದ ಬೆಲ್ಲದ ಪಾಕ ಇನ್ನೂ ಒಳ್ಳೆಯ ಹೋಲಿಕೆ: ಆತುರವಿಲ್ಲ, ತೆಳ್ಳಗೆ ಹರಡುತ್ತದೆ. ಅಥವಾ ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆ ಮುಗಿಸಿದ ಜನ ಹತ್ತು ಕಾಲುದಾರಿಗಳಲ್ಲಿ ಚದುರಿ ಇಳಿದು ಬುಡದ ರಸ್ತೆಯಲ್ಲಿ ಒತ್ತೊತ್ತಾಗಿ ಸೇರುವುದನ್ನು ನೋಡಿದವರಿಗೆ, ಪ್ರತಿ ಇಳಿಜಾರಿನ ಚಿಕ್ಕ ಪಾಲು ಕಣಿವೆಯ ತಳದಲ್ಲಿ ಹೇಗೆ ಸರೋವರವಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆ ಸರೋವರದ ತಳದಲ್ಲಿ ಹೊಳೆ ಇರುವುದು ಕೇವಲ ನೀರಿಗೂ ತಗ್ಗೇ ಬೇಕಾದ್ದರಿಂದ. ಒಂದೇ ಧರ್ಮಶಾಲೆಯಲ್ಲಿ ತಂಗಿದ ಇಬ್ಬರಲ್ಲಿ ಒಬ್ಬನ ಕಳವಿಗೆ ಇನ್ನೊಬ್ಬನನ್ನು ಹಿಡಿದಂತಾಗಿದೆ ಹೊಳೆಯ ಸ್ಥಿತಿ.

ತೆರೆದ ಆಕಾಶ ಎಷ್ಟು ತಣಿಸಬಲ್ಲದು ಎಂಬುದಕ್ಕೆ ಒಂದು ಹಳೆಯ ಕಸುಬು ಸಾಕ್ಷಿಯಾಗಿದೆ. ರಾಬರ್ಟ್ ಬಾರ್ಕರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಅಲಹಾಬಾದಿನಲ್ಲಿ ಮಂಜುಗಡ್ಡೆ ಮಾಡುತ್ತಿದ್ದ ಬಗೆಯನ್ನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಬಯಲಿನಲ್ಲಿ ತಗ್ಗು ತೋಡಿ, ಒಣ ಕಬ್ಬಿನ ದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ಬಟ್ಟಲುಗಳಲ್ಲಿ ಕಾಯಿಸಿ ಆರಿಸಿದ ನೀರಿಟ್ಟರೆ ಸೂರ್ಯ ಮೂಡುವುದರೊಳಗೆ ಅದು ಹೆಪ್ಪುಗಟ್ಟುತ್ತಿತ್ತು. ದಂಟು ನೆಲದ ಶಾಖವನ್ನು ತಡೆಯುತ್ತಿತ್ತು, ಬಟ್ಟಲಿನ ಮೈಯಿಂದ ಆವಿಯಾಗುವ ನೀರು ಒಂದಿಷ್ಟು ತಣಿಸುತ್ತಿತ್ತು, ಉಳಿದ ಕೆಲಸ ಆಕಾಶದ್ದು. ಕಬ್ಬಿನ ನಾಡಿನವರಾದ ನಮಗೆ ಈ ಬಳಕೆ ಹೊಳೆಯಲಿಲ್ಲವಲ್ಲ ಎಂದು ಗೆಳೆಯ ನಕ್ಕ.

ಬೆಳಗ್ಗೆ ನಾವು ಮೇಗುತಿ ಗುಡ್ಡದ ಕಡೆಗೆ ಹೊರಟೆವು. ತಗ್ಗಿನ ಕಡಲೆ ಹೊಲ ದಾಟುವಷ್ಟರಲ್ಲಿ ಪ್ಯಾಂಟು ಮೊಣಕಾಲಿನವರೆಗೆ ತೊಯ್ದು, ಕಡಲೆ ಎಲೆಯ ಹುಳಿ ಚರ್ಮಕ್ಕೆ ತಾಗಿ ಉರಿಯತೊಡಗಿತು. ಬೆರಳು ನೆಕ್ಕಿ ನೋಡಿದರೆ ಹುಣಸೆಯಂಥ ಹುಳಿ, ಹೆಚ್ಚಾಗಿ ಮ್ಯಾಲಿಕ್ ಆಮ್ಲದ್ದು. ಇಬ್ಬನಿ ಬೀಳುತ್ತದೆ ಎನ್ನುತ್ತೇವೆ, ಆದರೆ ಅದು ಬೀಳುವುದಲ್ಲ, ತಣಿದ ಎಲೆಯ ಮೇಲೆ ಗಾಳಿಯ ತೇವ ಕಟ್ಟಿಕೊಳ್ಳುವುದು. ಆದ್ದರಿಂದಲೇ ಅಷ್ಟು ತಣಿಯದ ಮೇಲಿನ ಹೊಲದಲ್ಲಿ ಕಡಲೆ ಎಲೆಗಳ ಮೇಲೆ ಇಬ್ಬನಿ ಬಹುಪಾಲು ಇರಲಿಲ್ಲ. ಗುಡ್ಡ ಹತ್ತಿದಾಗ ನನ್ನ ಪುಟ್ಟ ಉಷ್ಣಮಾಪಕ ದಂಡೆಯಲ್ಲಿ ತೋರಿಸಿದ್ದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು ತೋರಿಸಿತು, ಗೆಳೆಯ ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ. ಮೇಲೆ ಹೋದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಣಿಯಬೇಕೆಂಬ ಪಾಠ ಇಲ್ಲಿ ಬೆಳಗಿನ ಮಟ್ಟಿಗೆ ತಲೆಕೆಳಗಾಗುತ್ತದೆ. ಇದಕ್ಕೆ ಉಷ್ಣಾಂಶದ ವಿಲೋಮವೆಂದು ಹೆಸರು.

ಇದರೊಳಗೂ ಒಂದು ತಿರುವಿದೆ. ಎಲ್ಲಕ್ಕಿಂತ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡೇ ಇರಬೇಕಲ್ಲವೇ? ಬರಿ ನೆಲದ ಮೇಲೆ, ಶಾಂತ ರಾತ್ರಿಗಳಲ್ಲಿ, ಅದು ನೆಲದಿಂದ ಒಂದೆರಡು ಗೇಣು ಮೇಲಿರುವುದುಂಟೆಂದು ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ ತಮ್ಮ ಸಹೋದ್ಯೋಗಿಯೊಡನೆ 1932ರಲ್ಲಿ ಪ್ರಕಟಿಸಿದಾಗ ಹಲವರು ನಂಬಲಿಲ್ಲ. ಇಂದು ಅದಕ್ಕೆ ರಾಮದಾಸ್ ಪದರವೆಂದೇ ಹೆಸರು. ಅದರ ವಿವರಣೆಗಾಗಿ ಬೆಂಗಳೂರಿನ ರೊದ್ದಂ ನರಸಿಂಹ ಮತ್ತು ಸಂಗಡಿಗರು 1990ರ ದಶಕದಲ್ಲಿ ಲೆಕ್ಕ ಕಟ್ಟಿದರು. ನಮ್ಮ ಕಡೆಯ ಹೊರಸಿನ, ಅಂದರೆ ಹಗ್ಗದ ಮಂಚದ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಆ ರಾತ್ರಿ ಗುಡಿಸಲಿನ ಒಂದೇ ಹೊರಸನ್ನು ಹಕ್ಕಿನಿಂದ ಹಿಡಿದಿದ್ದ ಗೆಳೆಯನಿಗೆ ಇದನ್ನು ಗುಡ್ಡದ ಮೇಲೆ ತಿಳಿಸಿದೆ.

ಅಲ್ಲಿಂದ ಕೆಳಗೆ ಒಲೆಗಳ ಹೊಗೆ ಒಂದೇ ಮಟ್ಟಕ್ಕೆ ಏರಿ, ಚಾವಣಿಗೆ ತಾಗಿದಂತೆ ಅಡ್ಡಲಾಗಿ ಹರಡಿತ್ತು. ದಂಡೆಯಲ್ಲಿದ್ದಾಗ ಕಬ್ಬು ಹೇರಿದ ಟ್ರ್ಯಾಕ್ಟರೊಂದರ ಹಾಡು ಪಕ್ಕದಲ್ಲೇ ಇದ್ದಂತೆ, ಪದ ಪದವೂ ಬಿಡಿಯಾಗಿ ಕೇಳಿತ್ತು, ಟ್ರ್ಯಾಕ್ಟರ್ ಮಾತ್ರ ಎಲ್ಲಿಯೂ ಕಾಣಲಿಲ್ಲ. ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ 0.6 ಮೀಟರ್ ಹೆಚ್ಚುತ್ತದೆ. ಮೇಲಿನ ಬೆಚ್ಚನೆಯ ಪದರದಲ್ಲಿ ಮುಂದೋಡುವ ಅಲೆ, ಒಂದು ಗಾಲಿ ಕೆಸರಿನಲ್ಲಿ ಹೂತ ಚಕ್ಕಡಿ ಆ ಬದಿಗೇ ಹೊರಳುವಂತೆ, ತಣ್ಣನೆಯ ಕೆಳಪದರದತ್ತ ಬಾಗಿ ಮತ್ತೆ ನಮ್ಮ ಕಿವಿಗೇ ಬರುತ್ತದೆ. ನಸುಕಿನಲ್ಲಿ ಹೊಳೆಯಾಚೆ ಆಡಿದ ಮಾತು ಬೆನ್ನ ಹಿಂದೆಯೇ ಕೇಳಿತೆಂದು ದೆವ್ವದ ಕಥೆ ಕಟ್ಟಿ, ಮಕ್ಕಳಿಗೆ ತಾಯಿತ ಕಟ್ಟಿಸುವವರು ಈ ಬಾಗುವಿಕೆಯನ್ನು ಒಮ್ಮೆ ತಿಳಿದುಕೊಂಡರೆ ಚೆನ್ನ.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ನೆಲವನ್ನು ಕಾಯಿಸಿ, ಪದರಗಳು ಒಂದರೊಳಗೊಂದು ಕಲಸಿಕೊಂಡು, ಹೊಗೆಯ ಚಾವಣಿ ಒಡೆಯಿತು. ನಾವು ಗುಡ್ಡ ಇಳಿದು ದಂಡೆಗೆ ಮರಳಿದಾಗ ಇನ್ನೊಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ದೂರದ ರಸ್ತೆಯಲ್ಲಿ ಹೋಗುವುದು ಸ್ಪಷ್ಟವಾಗಿ ಕಾಣುತ್ತಿತ್ತು, ಧ್ವನಿವರ್ಧಕದ ಪೆಟ್ಟಿಗೆಯೂ ಕಾಣುತ್ತಿತ್ತು. ಹಾಡು ಮಾತ್ರ ಕೇಳಲಿಲ್ಲ.