ಪದ ಪರಿಚಯ: ಮುಪ್ಪಿನ ಬಯೋಮಾರ್ಕರ್

ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಅಜ್ಜನ ರಕ್ತ ಪರೀಕ್ಷೆ ಮಾಡಿಸಿದಾಗ ರಿಪೋರ್ಟಿನಲ್ಲಿ ಇ.ಎಸ್.ಆರ್. (ಕೆಂಪು ರಕ್ತಕಣಗಳು ತಳಕ್ಕೆ ಇಳಿಯುವ ವೇಗ, ಉರಿಯೂತ ಇದ್ದರೆ ಏರುತ್ತದೆ) ಜಾಸ್ತಿ ಕಂಡರೆ ಮನೆಯವರಿಗೆ ಗಾಬರಿ. ಡಾಕ್ಟರು ಉಳಿದದ್ದನ್ನೆಲ್ಲ ನೋಡಿ, "ಪ್ರಾಯ ಆದ ಮೇಲೆ ಅದು ಸ್ವಲ್ಪ ಏರ್ತದೆ, ಹೆದರ್ಬೇಡಿ" ಅಂತಾರೆ. ಹೀಗೆ ದೇಹದ ಸ್ಥಿತಿ ತಿಳಿಸುವ, ಅಳೆದು ಬರೆಯಬಹುದಾದ ಗುರುತೇ ಬಯೋಮಾರ್ಕರ್. ಆದರೆ ಪ್ರಾಯದ ಜೊತೆ ಏರಿತು ಅಂದ ಮಾತ್ರಕ್ಕೆ ಅದು ಮುಪ್ಪಿನ ಬಯೋಮಾರ್ಕರ್ ಆಗುವುದಿಲ್ಲ. ಅಷ್ಟೇ ಆಗಿದ್ದರೆ ನರೆಗೂದಲೇ ಸಾಕಿತ್ತು, ಅಲ್ವಾ? ಒಂದೇ ಪ್ರಾಯದ ಇಬ್ಬರಲ್ಲಿ ಯಾರ ದೇಹ ಹೆಚ್ಚು ಸವೆದಿದೆ ಅಂತ ಅದು ಹೇಳಬೇಕು.

ಮನುಷ್ಯರಲ್ಲಿ ಇದನ್ನು ತಿಳಿಯಲು ದಶಕಗಟ್ಟಲೆ ಕಾಯಬೇಕು. ಲ್ಯಾಬಿನ ಇಲಿ ಬದುಕುವುದೇ ಎರಡು, ಎರಡೂವರೆ ವರ್ಷ. ಈ ಕೆಲಸಕ್ಕೆ ಹೆಚ್ಚು ಬಳಸುವ ಸಿ57 ಬ್ಲ್ಯಾಕ್ 6 ತಳಿಯ ಕಪ್ಪು ಇಲಿಗಳೆಲ್ಲ ಹುಟ್ಟಿನಲ್ಲಿ ಹೆಚ್ಚುಕಡಿಮೆ ಒಂದೇ, ತಿನ್ನುವುದೂ ಒಂದೇ. ಆದರೂ ಒಂದು ಬೇಗ ಸಾಯುತ್ತದೆ, ಇನ್ನೊಂದು ತಿಂಗಳುಗಟ್ಟಲೆ ಜಾಸ್ತಿ ಬದುಕುತ್ತದೆ. ಆ ವ್ಯತ್ಯಾಸ ರಕ್ತದಲ್ಲಿ ಮೊದಲೇ ಕಾಣುತ್ತದಾ?

ಇಲಿಯ ಮೈಯಲ್ಲಿರುವ ರಕ್ತವೇ ಸುಮಾರು 2 ಮಿಲಿಲೀಟರ್. ಹಾಗಾಗಿ ಬಾಲದಿಂದ ಒಂದೆರಡು ಹನಿ ಮಾತ್ರ ತೆಗೆದು, ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ (ಕಣದ ಮೇಲಿನ ಇಂಥದ್ದೇ ಪ್ರೋಟೀನಿಗೆ ಹೋಗಿ ಅಂಟುವ ವಸ್ತು) ಬೆರೆಸಿ, ಬಿಳಿ ರಕ್ತಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತಾರೆ. ಸಿಡಿ44, ಸಿಡಿ62ಎಲ್ ಅಂದರೆ ಕಣದ ಮೈಮೇಲಿರುವ ಅಂಥ ಎರಡು ಪ್ರೋಟೀನು. ಸಿಡಿ44 ಕಡಿಮೆ, ಸಿಡಿ62ಎಲ್ ಜಾಸ್ತಿ ಇರುವ ಟಿ ಕಣ (ರೋಗಾಣುಗಳ ಜೊತೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಇನ್ನೂ ತನ್ನ ಶತ್ರುವಿನ ಮುಖ ನೋಡಿಲ್ಲ, ಅದು ಹೊಸಬ. ಸಿಡಿ44 ಜಾಸ್ತಿ ಇದ್ದರೆ ಹಳೆಯ ಕೈ. ಎಳೆ ಇಲಿಯಲ್ಲಿ ಹೊಸಬರೇ ಹೆಚ್ಚು, ಮುದಿ ಇಲಿಯಲ್ಲಿ ಹಳಬರದ್ದೇ ಕಾರುಬಾರು. ಕಾರಣ ಎದೆಗೂಡಿನೊಳಗಿನ ಥೈಮಸ್ ಗ್ರಂಥಿ, ಟಿ ಕಣಗಳು ಬೆಳೆದು ತಯಾರಾಗುವುದು ಅಲ್ಲೇ. ರೋಗನಿರೋಧಕ ಶಕ್ತಿಗೆ ಅದು ಎಷ್ಟು ಮುಖ್ಯ ಅಂತ ವಿಜ್ಞಾನಿ ಜಾಕ್ ಮಿಲ್ಲರ್ 1961ರಲ್ಲಿ ಇಲಿಮರಿಗಳಲ್ಲೇ ತೋರಿಸಿದ್ದು. ಪ್ರಾಯ ಆದ ಹಾಗೆ ಅದು ಕುಗ್ಗಿ ಕೊಬ್ಬು ತುಂಬಿಕೊಳ್ಳುತ್ತದೆ, ಹೊಸ ಟಿ ಕಣಗಳು ಬರುವುದು ಕಡಿಮೆಯಾಗುತ್ತದೆ, ಹಾಗಾಗಿ ಹೊಸ ರೋಗಾಣು ಬಂದರೂ ಲಸಿಕೆ ಕೊಟ್ಟರೂ ದೇಹ ಮೊದಲಿನಷ್ಟು ಚುರುಕಾಗಿ ಏಳುವುದಿಲ್ಲ.

ಇನ್ನೊಂದು ಬಗೆಯ ಗುರುತು ಉರಿಯೂತದ್ದು. ಐಎಲ್-6, ಟಿಎನ್‌ಎಫ್ ಮುಂತಾದ, ಉರಿಯೂತದ ಸಂದೇಶ ಸಾಗಿಸುವ ಪ್ರೋಟೀನುಗಳು ಮುಪ್ಪಿನಲ್ಲಿ ಸಣ್ಣಗೆ ಏರಿಯೇ ಇರುತ್ತವೆ. ವಿಜ್ಞಾನಿ ಕ್ಲಾಡಿಯೋ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ಇದಕ್ಕೆ 'ಇನ್‌ಫ್ಲಮೇಜಿಂಗ್' (ಉರಿಯೂತ, ಮುಪ್ಪು ಎರಡಕ್ಕಿರುವ ಇಂಗ್ಲಿಷ್ ಪದಗಳನ್ನು ಸೇರಿಸಿದ್ದು) ಅಂತ ಹೆಸರಿಟ್ಟರು. ಆದರೆ ಗೂಡಿನಲ್ಲಿ ಜಗಳವಾಡಿ ಕಚ್ಚಿಸಿಕೊಂಡ ಎಳೆ ಇಲಿಯಲ್ಲೂ ಐಎಲ್-6 ಏರಬಹುದು, ಆದ್ದರಿಂದ ಒಂದು ನಂಬರ್ ಹಿಡಿದು ತೀರ್ಮಾನ ಮಾಡುವುದು ಸುಮ್ನೆ.

ನನಗೆ ಎಲ್ಲಕ್ಕಿಂತ ಮಜಾ ಅನಿಸುವುದು ಐಜಿಎಫ್-1, ಅಂದರೆ ದೇಹ ಬೆಳೆಯಲು ಬೇಕಾದ ಒಂದು ಹಾರ್ಮೋನು. ಪ್ರಾಯದ ಜೊತೆ ಇದು ಇಳಿಯುತ್ತದೆ. ಹಾಗಾದರೆ ಕಡಿಮೆ ಇದ್ದವನು ಬೇಗ ಮುದಿಯಾಗಬೇಕು ತಾನೇ? ಉಲ್ಟಾ! ಹುಟ್ಟಿನಿಂದಲೇ ಐಜಿಎಫ್-1 ತೀರಾ ಕಡಿಮೆ ಇರುವ 'ಏಮ್ಸ್' ಎಂಬ ಬಗೆಯ ಕುಬ್ಜ ಇಲಿಗಳು ಒಡಹುಟ್ಟಿದ ಸಾಮಾನ್ಯ ಇಲಿಗಳಿಗಿಂತ ಎಷ್ಟೋ ಜಾಸ್ತಿ ಬದುಕುತ್ತವೆ.

ಇಲಿಯ ಲೆಕ್ಕವನ್ನು ಅಜ್ಜನ ರಿಪೋರ್ಟಿಗೆ ಸೀದಾ ತಂದು ಹಾಕಲೂ ಆಗುವುದಿಲ್ಲ. ನಮ್ಮಲ್ಲಿ ಉರಿಯೂತಕ್ಕೆ ರಕ್ತದ ಸಿ.ಆರ್.ಪಿ. ಎಂಬ ಪ್ರೋಟೀನು ನೋಡುತ್ತಾರೆ, ಇಲಿಯಲ್ಲಿ ಅದು ಅಷ್ಟಾಗಿ ಏರುವುದೇ ಇಲ್ಲ, ಅಲ್ಲಿ 'ಸೀರಮ್ ಅಮೈಲಾಯ್ಡ್ ಎ' ಎಂಬ ಬೇರೆ ಪ್ರೋಟೀನು ನೋಡಬೇಕು. ಮೇಲಾಗಿ ಲ್ಯಾಬಿನ ಇಲಿ ಬೆಳೆಯುವುದು ರೋಗಾಣುಗಳನ್ನು ದೂರ ಇಟ್ಟ ಗೂಡಿನಲ್ಲಿ. 2016ರಲ್ಲಿ ಅಮೆರಿಕದ ಸಂಶೋಧಕರು ಅಂಥ ಇಲಿಗಳನ್ನು ಸಾಕುಪ್ರಾಣಿ ಅಂಗಡಿಯ ಇಲಿಗಳ ಜೊತೆ ಬಿಟ್ಟರು. ಕೆಲವು ಸತ್ತವು. ಉಳಿದವುಗಳ ರೋಗನಿರೋಧಕ ಕಣಗಳು, ಅಲ್ಲಿವರೆಗೆ ಎಳೆಮಗುವಿನವುಗಳ ಹಾಗೆ ಇದ್ದವು, ದೊಡ್ಡ ಮನುಷ್ಯರವುಗಳನ್ನು ಹೋಲತೊಡಗಿದವು.