ಗುರುವಿನ ಬಿರುಗಾಳಿಗೆ ಆ ನೀಲಿ ಬಂದದ್ದೆಲ್ಲಿಂದ?

ಗುರುಗ್ರಹದ ಕಡುನೀಲಿ ಸುಳಿಗಳ ಚಿತ್ರ ವಾಟ್ಸಾಪಿಗೆ ಬಂದಾಗಲೆಲ್ಲ ಯಾರೋ ಒಬ್ಬರು ‘ಫೋಟೊಶಾಪ್’ ಅನ್ನುತ್ತಾರೆ. ಈ ತಕರಾರು ಹಳೆಯದು.

1979ರಲ್ಲಿ ಗುರುವನ್ನು ಹಾದುಹೋದ ನಾಸಾದ ವಾಯೇಜರ್‌ ನೌಕೆಗಳ ಕ್ಯಾಮೆರಾ ಕಪ್ಪು-ಬಿಳುಪಿನದು. ಬೇರೆ ಬೇರೆ ಫಿಲ್ಟರ್‌ನಲ್ಲಿ ತೆಗೆದ ಚಿತ್ರಗಳನ್ನು ಭೂಮಿಯಲ್ಲಿ ಜೋಡಿಸಿ ಬಣ್ಣ ಬರಿಸುತ್ತಿದ್ದರು. 1989ರಲ್ಲಿ ನೆಪ್ಚೂನಿನ ಕಪ್ಪು ಸುಳಿ ಎದ್ದು ಕಾಣಲೆಂದು ಕಾಂಟ್ರಾಸ್ಟ್ ಏರಿಸಿದರು. ಹಾಗೆ ಮಾಡಿದ್ದನ್ನು ಅಡಿಬರಹದಲ್ಲಿ ಹೇಳಿಯೂ ಇದ್ದರು. ಚಿತ್ರ ಉಳಿಯಿತು, ಅಡಿಬರಹ ಕಳಚಿಕೊಂಡಿತು; ನೆಪ್ಚೂನ್ ಕಡುನೀಲಿ ಎಂದೇ ಜನ ನಂಬಿದರು. ನೆಪ್ಚೂನ್ ಯುರೇನಸ್‌ನಂತೆಯೇ ತಿಳಿ ಹಸಿರು-ನೀಲಿ ಎಂದು ಆಕ್ಸ್‌ಫರ್ಡ್ ತಂಡ ತೋರಿಸಿದ್ದು 2024ರಲ್ಲಿ.

2016ರಲ್ಲಿ ಗುರುವಿನ ಕಕ್ಷೆ ಸೇರಿದ ನಾಸಾದ ಜುನೊ ನೌಕೆ ಈ ಗೋಜಲನ್ನು ಹೆಚ್ಚಿಸಿತು. ನೌಕೆ 30 ಸೆಕೆಂಡಿಗೊಮ್ಮೆ ಗಿರ್ರನೆ ಸುತ್ತುತ್ತದೆ. ಅದರ ಕ್ಯಾಮೆರಾ ಜುನೊಕ್ಯಾಮ್ ಆ ಸುತ್ತಿನಲ್ಲೇ ದೃಶ್ಯವನ್ನು ಪಟ್ಟಿಪಟ್ಟಿಯಾಗಿ ಹಿಡಿಯುತ್ತದೆ. ನಾಸಾ ಎಲ್ಲರಿಗೂ ಬಿಟ್ಟುಕೊಡುವ ಕಚ್ಚಾ ಫೈಲ್ ತೆರೆದರೆ ಬಣ್ಣವಿಲ್ಲ, 128 ಸಾಲಿನ ಬೂದು ಪಟ್ಟಿಗಳು ಒಂದರ ಕೆಳಗೊಂದು: ನೀಲಿ ಫಿಲ್ಟರ್‌ನದು, ಹಸಿರಿನದು, ಕೆಂಪಿನದು, ಮತ್ತೆ ನೀಲಿಯದು. 8 ಬಿಟ್‌ಗೆ ಕುಗ್ಗಿಸಿ ಕಳಿಸಿದ ಹೊಳಪಿನ ಅಂಕಿಗಳನ್ನು ಮೊದಲು ಮೂಲದ 12 ಬಿಟ್‌ಗೆ ಹಿಗ್ಗಿಸಬೇಕು; ಬಿಟ್ಟರೆ ನೆರಳು-ಬೆಳಕಿನ ಲೆಕ್ಕ ಕೆಡುತ್ತದೆ. ಆಮೇಲೆ ಪ್ರತಿ ಪಟ್ಟಿಯನ್ನೂ ಅದು ಸೆರೆಯಾದ ಕ್ಷಣಕ್ಕೆ ತಕ್ಕಂತೆ ಗುರುವಿನ ಚಪ್ಪಟೆಗೋಳದ ಮೇಲೆ ಕೂರಿಸಬೇಕು. ಸಮಯ 3 ಮಿಲಿಸೆಕೆಂಡ್ ತಪ್ಪಿದರೆ ಸುಮಾರು ಒಂದು ಪಿಕ್ಸೆಲ್ ಜಾರುತ್ತದೆ, ಗ್ರಹದ ಅಂಚಿಗೆ ಕೆಂಪು-ನೀಲಿ ಗೆರೆ ಮೂಡುತ್ತದೆ. ಕೊನೆಗೆ ಅಂಚಿನತ್ತ ಮಂಕಾಗುವ ಬಿಸಿಲನ್ನು ಸರಿದೂಗಿಸಬೇಕು. ಅತಿ ಮಾಡಿದರೆ ಹಗಲು-ಇರುಳಿನ ಗಡಿಯಲ್ಲಿ ಬರೀ ಕಲೆಗಳು.

ಇಷ್ಟಾದ ಮೇಲೂ ಕಾಣುವುದು ಕೆನೆ, ಕಂದು, ಮಾಸಲು ಕಿತ್ತಳೆ. ಜನ ಹಂಚಿಕೊಳ್ಳುವ ಕಡುನೀಲಿ ಇದಾದ ಮೇಲೆ ಏರಿಸಿದ ಸ್ಯಾಚುರೇಶನ್ನಿನದು, ಅಂದರೆ ಬಣ್ಣದ ಗಾಢತೆಯದು. ಅದನ್ನು ಮೋಸ ಎನ್ನಲಾಗದು: ಇರುವ ಸಣ್ಣ ವ್ಯತ್ಯಾಸವನ್ನೇ ಹಿಗ್ಗಿಸಿದ್ದು, ಸುಳಿಯ ಎಳೆ ಗುರುತಿಸಲು ಅದು ಬೇಕು. ಆದರೆ ಬೇರೆ ಬೇರೆ ಕೈ ತಿದ್ದಿದ ಎರಡು ಚಿತ್ರ ಹಿಡಿದು ಗುರುವಿನ ಬೃಹತ್ ಬಿರುಗಾಳಿಯಾದ ‘ಕೆಂಪು ಕಲೆ’ ಮಾಸಿತು ಎಂದು ಸುದ್ದಿ ಮಾಡುವುದಕ್ಕೆ ಅರ್ಥವಿಲ್ಲ.

ಕಲೆ ಕುಗ್ಗಿದ್ದು ನಿಜ. ವಾಯೇಜರ್ ಕಾಲಕ್ಕೆ ಅಗಲ ಸುಮಾರು 23,000 ಕಿ.ಮೀ., 2014ರಲ್ಲಿ ಹಬಲ್ ದೂರದರ್ಶಕ ಅಳೆದಾಗ 16,500. ಅದರ ಬೇರು ಮೋಡಗಳ ಕೆಳಗೆ 200ರಿಂದ 500 ಕಿ.ಮೀ. ಇಳಿದಿದೆ ಎಂದು ತಿಳಿದದ್ದು ಜುನೊದ ಮೈಕ್ರೊವೇವ್ ಮತ್ತು ಗುರುತ್ವ ಅಳತೆಗಳಿಂದ, ಫೋಟೊದಿಂದಲ್ಲ. ಮೇಲ್ಮೋಡದ ಎತ್ತರ ತಿಳಿಯಬೇಕಿದ್ದರೆ ಅದೇ ಕ್ಯಾಮೆರಾದ ನಾಲ್ಕನೇ ಫಿಲ್ಟರ್, ಮೀಥೇನ್ ಅನಿಲ ಹೀರುವ 889 ನ್ಯಾನೊಮೀಟರಿನ ಬೆಳಕನ್ನು ಹಿಡಿಯುವಂಥದ್ದು, ಇದೆ: ಆಳದಿಂದ ಬರುವ ಬೆಳಕನ್ನು ಮೀಥೇನ್ ನುಂಗುತ್ತದೆ, ಎತ್ತರದಲ್ಲಿರುವುದು ಬೆಳ್ಳಗೆ ಹೊಳೆಯುತ್ತದೆ. ಕೆಂಪು ಕಲೆ ಅಲ್ಲಿ ಬಿಳಿ. ಆ ಬೂದು ಚಿತ್ರವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.